‘ವಂದನೀಯ’ರಾರು?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆಮಂತ್ರಣ ಪತ್ರಿಕೆಯ ಕರಡೊಂದನ್ನು ವಾಟ್ಸಾಪಿನಲ್ಲಿ ಕಳುಹಿಸಿ, “ಸರ್, ಕಾಗುಣಿತ ತಿದ್ದಿಕೊಡಿ, ನಾಳೆ ಪ್ರೆಸ್ಸಿಗೆ ಹೋಗಬೇಕು” ಎಂದು ಕೇಳಿಕೊಂಡ. ನಿವೃತ್ತ ಕನ್ನಡ ಮೇಷ್ಟ್ರಿಗೆ ಇಂತಹ ಕೆಲಸ ಹೊಸದಲ್ಲ. ಗೃಹಪ್ರವೇಶ, ಷಷ್ಟ್ಯಬ್ದಿ, ಶ್ರದ್ಧಾಂಜಲಿ, ಎಲ್ಲವೂ ನನ್ನ ಕನ್ನಡಕದ ಕೆಳಗೆ ಹಾದು ಹೋಗುತ್ತವೆ. ಇದು ಒಂದು ಕ್ರೈಸ್ತ ಸಭೆಯ ವಾರ್ಷಿಕೋತ್ಸವದ ಪತ್ರಿಕೆ. ಸಭೆಯ ಹೆಸರು, ಊರಿನ ಹೆಸರು ಇಲ್ಲಿ ಬೇಡ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳ ಒಳಗಿನದು ಎಂದರೆ ಸಾಕು. ಮುಖ್ಯ ಅತಿಥಿಗಳ ಹೆಸರಿಗೆ ಮೊದಲು ‘ಪರಮಪೂಜ್ಯ, ಅತಿ ವಂದನೀಯ, ದೈವಾಭಿಷಿಕ್ತ, ಅಪೊಸ್ತಲ, ಬಿಷಪ್, ಡಾಕ್ಟರ್’ ಎಂದು ಒಂದು ಮೆರವಣಿಗೆಯೇ ಇತ್ತು. ಹೆಸರು ಬಂದದ್ದು ಎರಡನೆಯ ಸಾಲಿನಲ್ಲಿ. ಅದೇ ಪತ್ರಿಕೆಯ ನೆತ್ತಿಯಲ್ಲಿ ‘ಯೇಸುವಿನ ನಾಮದಲ್ಲಿ’ ಎಂದಿತ್ತು. ಅಲ್ಲಿ ಒಂದು ಶ್ರೀಕಾರವೂ ಇರಲಿಲ್ಲ!

‘ಅಪೊಸ್ತಲ’ ಎಂಬುದನ್ನು ‘ಅಪೋಸ್ಥಲ’ ಎಂದು ಬರೆದಿದ್ದರು. ತಿದ್ದಿ ಕಳುಹಿಸಿದೆ. ಕಾಗುಣಿತವನ್ನು ತಿದ್ದಬಹುದು. ಉಳಿದದ್ದನ್ನು ತಿದ್ದುವ ಅಧಿಕಾರ ಕರಡು ನೋಡುವವನಿಗೆ ಇರುವುದಿಲ್ಲ. ಆದ್ದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ವಿಷಯವಾಗಿ ಬರೆಯುತ್ತೇನೆಂದು ತಿಳಿದ ಕೂಡಲೇ ನನ್ನ ತಮ್ಮ ಫೋನು ಮಾಡಿದ. “ಅಣ್ಣಾ, ಹೊರಗಿನವರು ನಮ್ಮನ್ನು ಆಡಿಕೊಳ್ಳುವುದಕ್ಕೆ ಕಾದು ಕುಳಿತಿರುವ ಕಾಲದಲ್ಲಿ ನಮ್ಮ ಮನೆಯ ಮಾತು ಬೀದಿಗೆ ಏಕೆ?” ಎಂಬುದು ಅವನ ಆಕ್ಷೇಪ. ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಮನೆಯ ಕಸವನ್ನು ಮನೆಯವರೇ ಗುಡಿಸದಿದ್ದರೆ ಇನ್ನಾರು ಗುಡಿಸಬೇಕು? ನಾನು ಈ ಸಭೆಯಲ್ಲಿಯೇ ದೀಕ್ಷಾಸ್ನಾನ ಪಡೆದವನು, ಇಲ್ಲಿಯೇ ಮಣ್ಣಾಗುವವನು. ನನ್ನ ತಂದೆ ಇದೇ ಸೀಮೆಯಲ್ಲಿ ಉಪದೇಶಿಯಾಗಿ ದುಡಿದವರು. ಇಷ್ಟು ಹಕ್ಕು ಸಾಲದೆ?

ಮೊದಲು ವ್ಯಾಕರಣದಿಂದ ಆರಂಭಿಸುತ್ತೇನೆ, ಹಳೆಯ ಅಭ್ಯಾಸ. ಒಂಬತ್ತನೆಯ ತರಗತಿಯಲ್ಲಿ ಕೃದಂತ ಪಾಠ ಮಾಡುವಾಗ ‘ಅನೀಯ’ ಪ್ರತ್ಯಯದ ಉದಾಹರಣೆಗಳನ್ನು ಬಾಯಿಪಾಠ ಮಾಡಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು: ರಮಣೀಯ, ದರ್ಶನೀಯ, ಶ್ಲಾಘನೀಯ, ವಂದನೀಯ. ‘ಅದಕ್ಕೆ ತಕ್ಕದ್ದು’ ಎಂಬುದು ಆ ಪ್ರತ್ಯಯದ ಅರ್ಥ. ವಂದನೀಯ ಎಂದರೆ ವಂದನೆಗೆ ತಕ್ಕವನು. ಇಂಗ್ಲಿಷಿನ ‘ರೆವರೆಂಡ್’ ಎಂಬುದೂ ಲ್ಯಾಟಿನ್ನಿನ ಅಂಥದೇ ಕೃದಂತದಿಂದ ಬಂದ ಪದ; ಗೌರವಿಸಲ್ಪಡತಕ್ಕವನು ಎಂದರ್ಥ. ನಮ್ಮ ಹಿರಿಯ ಅನುವಾದಕರು ಅದಕ್ಕೆ ‘ವಂದನೀಯ’ ಎಂಬ ಪದವನ್ನು ಕೂಡಿಸಿದ್ದು ಎಷ್ಟು ಸಮರ್ಪಕ! ಈಗ ಸೂಕ್ಷ್ಮವನ್ನು ಗಮನಿಸಿ. ಈ ಪದ ತನ್ನ ಕೆಲಸವನ್ನು ಹೇಳುವುದಿಲ್ಲ, ಇತರರು ತನಗೆ ಮಾಡಬೇಕಾದ ಕೆಲಸವನ್ನು ಹೇಳುತ್ತದೆ. ‘ಬೆಟ್ಟ ರಮಣೀಯವಾಗಿದೆ’ ಎಂದು ನೋಡಿದವರು ಹೇಳುತ್ತಾರೆ. ಬೆಟ್ಟವೇ ಬಾಯಿಬಿಟ್ಟು ‘ನಾನು ರಮಣೀಯ’ ಎಂದರೆ ನಗದವರಾರು? ಹಾಗೆಯೇ ‘ವಂದನೀಯ’ ಎಂಬುದನ್ನು ಉತ್ತಮ ಪುರುಷದಲ್ಲಿ ಬಳಸಲು ಬರುವುದಿಲ್ಲ. ತನ್ನ ವಿಸಿಟಿಂಗ್ ಕಾರ್ಡಿನಲ್ಲಿ, ತನ್ನ ಕಾರಿನ ಗಾಜಿನ ಮೇಲೆ, ತನ್ನ ಮನೆಯ ಗೇಟಿನ ಮೇಲೆ ತಾನೇ ಅದನ್ನು ಬರೆಸುವುದು ವ್ಯಾಕರಣ ದೋಷ. ಶೀಲದ ದೋಷ ಹೌದೋ ಅಲ್ಲವೋ ಆಮೇಲೆ ನೋಡೋಣ.

ಈ ಮರ್ಯಾದೆಗೆ ತರತಮ ಭಾವವೂ ಉಂಟು. ಸಭಾಪಾಲಕರು ರೆವರೆಂಡ್, ಕೆಥೆಡ್ರಲಿನ ಡೀನ್ ವೆರಿ ರೆವರೆಂಡ್, ಬಿಷಪ್ ರೈಟ್ ರೆವರೆಂಡ್, ಅದಕ್ಕೂ ಮೇಲಿನವರು ಮೋಸ್ಟ್ ರೆವರೆಂಡ್. ಪೂಜ್ಯ, ಪೂಜ್ಯತರ, ಪೂಜ್ಯತಮ ಎಂದು ನಾವು ಹಲಗೆಯ ಮೇಲೆ ಬರೆಯುತ್ತಿದ್ದ ಕೋಷ್ಟಕವೇ ಇದು. ದೇವರ ಮುಂದೆ ಎಲ್ಲರೂ ಸಮಾನರೆಂದು ಭಾನುವಾರ ಬೋಧಿಸಿ ಸೋಮವಾರ ಲೆಟರ್‌ಹೆಡ್ಡಿನಲ್ಲಿ ಈ ಏಣಿಯನ್ನು ಅಚ್ಚು ಹಾಕಿಸುತ್ತೇವೆ.

ಸೋಜಿಗವೆಂದರೆ, ಸಭೆಯ ಹುದ್ದೆಗಳ ಹೆಸರುಗಳೆಲ್ಲ ಮೂಲದಲ್ಲಿ ಕೂಲಿಯವರ ಹೆಸರುಗಳು. ಡೀಕನ್ ಎಂಬುದು ಗ್ರೀಕಿನಲ್ಲಿ ಪರಿಚಾರಕ, ಊಟಕ್ಕೆ ಬಡಿಸುವವನು. ಬಿಷಪ್ ಎಂದರೆ ಮೇಲ್ವಿಚಾರಕ. ನಮ್ಮ ಕಾಫಿ ತೋಟಗಳ ‘ರೈಟರು’ ಇದ್ದ ಹಾಗೆ, ಲೆಕ್ಕ ಒಪ್ಪಿಸಬೇಕಾದ ಕೆಲಸ. ಪಾಸ್ಟರ್ ಎಂದರೆ ಲ್ಯಾಟಿನ್ನಿನಲ್ಲಿ ಕುರಿಗಾಹಿ. ಕಡೂರಿನ ಬಯಲಿನಲ್ಲಿ ಕುರಿ ಕಾಯುವವರನ್ನು ನೀವೆಲ್ಲ ಕಂಡಿದ್ದೀರಿ. ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ನಡೆಯಲಾರದ ಮರಿ, ಚಿತ್ತೆಯ ಬಿಸಿಲಿನಲ್ಲಿ ಹಿಂಡಿನ ಹಿಂದೆ ನಡಿಗೆ. ಅವರಿಗೆ ಹಾರ ಹಾಕಿ ಸಿಂಹಾಸನದಂಥ ಕುರ್ಚಿಯಲ್ಲಿ ಕೂರಿಸಿದ್ದನ್ನು ನಾನಂತೂ ಕಂಡಿಲ್ಲ. ಇನ್ನು ‘ಮಿನಿಸ್ಟರ್’ ಎಂಬ ಪದವಂತೂ ‘ಕಡಿಮೆ’ ಎಂಬ ಅರ್ಥದ ಧಾತುವಿನಿಂದಲೇ ಹುಟ್ಟಿದ್ದು. ಅದಕ್ಕೆ ಎದುರಾದ, ‘ಹೆಚ್ಚು’ ಎಂಬ ಅರ್ಥದ ಲ್ಯಾಟಿನ್ ಪದ ಮಾಜಿಸ್ತರ್. ಅದೇ ಸವೆದು ಸವೆದು ನಮ್ಮ ‘ಮೇಷ್ಟ್ರು’ ಆಗಿದೆ. ಅಂದರೆ ನಿಘಂಟಿನ ಲೆಕ್ಕದಲ್ಲಿ ಸಭಾಪಾಲಕರಿಗಿಂತ ನಾನೇ ದೊಡ್ಡವನು! (ಇದನ್ನು ಓದಿ ನನ್ನ ಶಿಷ್ಯರಲ್ಲಿ ಪಾಸ್ಟರುಗಳಾಗಿರುವ ಇಬ್ಬರು ಸಿಟ್ಟಾಗಬಾರದು, ನಗಬೇಕು.)

ಸುವಾರ್ತೆಯಲ್ಲಿ ಈ ವಿಷಯ ಮಬ್ಬಾಗಿ ಹೇಳಲ್ಪಟ್ಟಿದ್ದರೆ ವಾದಕ್ಕೆ ಅವಕಾಶವಿತ್ತು. ಮತ್ತಾಯನ ಇಪ್ಪತ್ತಮೂರನೆಯ ಅಧ್ಯಾಯವನ್ನು ತೆರೆದು ನೋಡಿ. ಅಂದಿನ ಧರ್ಮಬೋಧಕರು ಔತಣಗಳಲ್ಲಿ ಮೇಲಿನ ಪಂಕ್ತಿಯನ್ನೂ ಸಭಾಮಂದಿರಗಳಲ್ಲಿ ಮುಂದಿನ ಆಸನವನ್ನೂ ಪೇಟೆಯಲ್ಲಿ ನಮಸ್ಕಾರವನ್ನೂ ಬಯಸುತ್ತಿದ್ದುದನ್ನು ಯೇಸು ಹೆಸರಿಡದೆ ಬಿಡಲಿಲ್ಲ. ಬೋಧಕ, ತಂದೆ, ಗುರು ಎಂಬ ಸಂಬೋಧನೆಗಳನ್ನು ತನ್ನವರಿಗೆ ಬೇಡವೆಂದ. ಕಾರಣ, ಅವರೆಲ್ಲರೂ ಸಹೋದರರು. ಕಡೆಯ ಊಟದ ರಾತ್ರಿ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದ. ಅದನ್ನು ನಾವು ವರ್ಷಕ್ಕೊಮ್ಮೆ ಪವಿತ್ರ ಗುರುವಾರದಂದು ಕ್ಯಾಮೆರಾದ ಮುಂದೆ ಅಭಿನಯಿಸುತ್ತೇವೆ.

ಪೌಲನು ‘ಅಪೊಸ್ತಲ’ನೆಂದು ತನ್ನನ್ನು ತಾನೇ ಕರೆದುಕೊಳ್ಳಲಿಲ್ಲವೇ, ಕೊರಿಂಥದವರಿಗೆ ತಾನು ತಂದೆಯೆಂದು ಬರೆಯಲಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಪೌಲನು ಆ ಹೆಸರನ್ನು ಎತ್ತಿಹಿಡಿದದ್ದು ಬೋಧನೆ ಅಪಾಯದಲ್ಲಿದ್ದಾಗ. ಊಟದ ಪಂಕ್ತಿಗಾಗಿ ಅಲ್ಲ. ಅದೇ ಕೊರಿಂಥದಲ್ಲಿ ಅವನು ಗುಡಾರ ಹೊಲಿದು ತನ್ನ ಅನ್ನ ತಾನು ಸಂಪಾದಿಸಿದ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ‘ಅಪೊಸ್ತಲ’ ಎಂಬುದಕ್ಕೂ ಮೊದಲು ‘ದಾಸ’ ಎಂದಿದೆ. ಪೇತ್ರನಂತೂ ಸಭೆಯ ಹಿರಿಯರಿಗೆ ಬರೆಯುವಾಗ ತಾನೂ ಅವರ ಜೊತೆಯ ಒಬ್ಬ ಹಿರಿಯನೆಂದಷ್ಟೇ ಹೇಳಿಕೊಂಡ. ನಮ್ಮ ಅಪೊಸ್ತಲರು ಸೂಜಿ ಹಿಡಿದದ್ದನ್ನು ಯಾರಾದರೂ ಕಂಡಿದ್ದರೆ ತಿಳಿಸಿ.

ಇದು ನಮ್ಮ ಕಾಲದ ರೋಗ ಮಾತ್ರವಲ್ಲ ಎಂಬುದನ್ನೂ ಹೇಳಬೇಕು. ಆರನೆಯ ಶತಮಾನದ ಕೊನೆಯಲ್ಲಿ ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷನಾಗಿದ್ದವನು ನಾಲ್ಕನೆಯ ಯೋಹಾನ. ಕಠೋರ ವ್ರತಗಳಿಂದಾಗಿ ‘ಉಪವಾಸಿ’ ಎಂದೇ ಪ್ರಸಿದ್ಧನಾದವನು. ಅವನು ‘ವಿಶ್ವ ಧರ್ಮಾಧ್ಯಕ್ಷ’ ಎಂಬ ಬಿರುದನ್ನು ಬಳಸಿದ. ಅನ್ನವನ್ನು ಬಿಟ್ಟವನಿಗೂ ಬಿರುದನ್ನು ಬಿಡಲಾಗಲಿಲ್ಲ! ರೋಮಿನ ಪೋಪ್ ಒಂದನೆಯ ಗ್ರೆಗೊರಿ ಇದನ್ನು ಕಟುವಾಗಿ ಪ್ರತಿಭಟಿಸಿದ. ಪ್ರತಿಭಟಿಸಿ ಆ ಬಿರುದನ್ನು ತಾನು ಕಿತ್ತುಕೊಳ್ಳಲಿಲ್ಲ ಎಂಬುದೇ ಅವನ ದೊಡ್ಡತನ. ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷನು ಅವನಿಗೇ ‘ವಿಶ್ವ ಪೋಪ್’ ಎಂದು ಸಂಬೋಧಿಸಿ ಬರೆದಾಗ, ಹಾಗೆ ಕರೆಯಬೇಡಿರೆಂದು ಉತ್ತರಿಸಿದ. ತನ್ನನ್ನು ‘ದೇವಸೇವಕರ ಸೇವಕ’ ಎಂದು ಕರೆದುಕೊಂಡ. ಆದರೆ ಮುಂದೆ ಏನಾಯಿತು? ಆ ದೈನ್ಯದ ಮಾತೂ ಪೋಪರ ಶಾಸನಗಳ ತಲೆಯ ಮೇಲೆ ಕುಳಿತು ಇನ್ನೊಂದು ಬಿರುದಾಯಿತು. ಇಂದು ಫ್ಲೆಕ್ಸುಗಳಲ್ಲಿ ‘ದೀನಸೇವಕ’ ಎಂದು ಒಂದು ಅಡಿ ಎತ್ತರದ ಅಕ್ಷರದಲ್ಲಿ ಬರೆಸುವವರನ್ನು ಕಂಡಾಗ ನನಗೆ ಇದು ನೆನಪಾಗುತ್ತದೆ.

ಕೆಥೋಲಿಕ್ ಸಭೆಯೊಳಗಿನವರೇ ಇದನ್ನು ಕಂಡುಕೊಂಡು ಕಳವಳಪಟ್ಟಿದ್ದಾರೆ. ಎರಡನೆಯ ವ್ಯಾಟಿಕನ್ ಮಹಾಸಭೆ ಮುಗಿಯುವ ಕೆಲವೇ ದಿನಗಳ ಮೊದಲು, 1965ರ ನವೆಂಬರ್ 16ರಂದು, ಸುಮಾರು ನಲವತ್ತು ಮಂದಿ ಧರ್ಮಾಧ್ಯಕ್ಷರು ರೋಮಿನ ದೊಮಿತಿಲ್ಲಾ ನೆಲಮಾಳಿಗೆಯ ಸಮಾಧಿಗಳ ನಡುವೆ ಸೇರಿ ಒಂದು ಒಡಂಬಡಿಕೆಗೆ ಸಹಿ ಹಾಕಿದರು. ಬಡವರಂತೆ ಬಾಳುತ್ತೇವೆ, ‘ಎಮಿನೆನ್ಸ್’ ‘ಎಕ್ಸಲೆನ್ಸಿ’ ಮೊದಲಾದ ದೊಡ್ಡಸ್ತಿಕೆಯ ಸಂಬೋಧನೆಗಳು ನಮಗೆ ಬೇಡ, ‘ಫಾದರ್’ ಸಾಕು ಎಂಬುದು ಅವರ ಪ್ರತಿಜ್ಞೆಗಳಲ್ಲೊಂದು. ಪೋಪ್ ಫ್ರಾನ್ಸಿಸ್ 2014ರಲ್ಲಿ ‘ಮೊನ್ಸಿಞೋರ್’ ಎಂಬ ಬಿರುದನ್ನು ಅರವತ್ತೈದು ದಾಟಿದ ಪಾದ್ರಿಗಳಿಗೆ ಮಾತ್ರ ಸೀಮಿತಗೊಳಿಸಿದರು. ಅವರು 2025ರ ಏಪ್ರಿಲಿನಲ್ಲಿ ತೀರಿಕೊಂಡ ಮೇಲೆ ಸಮಾಧಿಯ ಕಲ್ಲಿನ ಮೇಲೆ ಕೆತ್ತಿದ್ದು ಒಂದೇ ಪದ: ಫ್ರಾನ್ಸಿಸ್ಕುಸ್. ನೂರಾರು ಕೋಟಿ ಜನರ ಗುರುವಿಗೆ ಒಂದು ಪದ ಸಾಕಾಯಿತು. ನಮ್ಮಲ್ಲಿ ನೂರೈವತ್ತು ಕುಟುಂಬಗಳ ಸಭೆಗೆ ಎರಡು ಸಾಲು ಸಾಲದು.

ನಮ್ಮ ಪ್ರಾಟೆಸ್ಟೆಂಟ್ ಹಿರಿಯರ ಕಥೆಯೂ ಇದೇ ಪಾಠವನ್ನು ಹೇಳುತ್ತದೆ. ಮೈಸೂರು ಸೀಮೆಯಲ್ಲಿ ದುಡಿದ ವೆಸ್ಲಿಯನ್ ಮಿಷನ್ನಿಗೆ ಬಿಷಪ್ಪರೇ ಇರಲಿಲ್ಲ. ದಕ್ಷಿಣ ಭಾರತದ ಸಭೆಗಳು ಒಂದಾಗಬೇಕೆಂಬ ಮಾತು 1919ರಲ್ಲಿ ತರಂಗಂಬಾಡಿಯಲ್ಲಿ ಎದ್ದು, 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ಈಡೇರಿತು. ನಡುವೆ ಇಪ್ಪತ್ತೆಂಟು ವರ್ಷ! ಅಷ್ಟು ವರ್ಷ ಎಳೆದಾಡಿದ ಪ್ರಶ್ನೆಗಳಲ್ಲಿ ಬಿಷಪ್ಪನ ಸ್ಥಾನ ಮುಖ್ಯವಾದದ್ದು. ಕೊನೆಗೆ ಒಪ್ಪಿದ್ದು ಸಂವಿಧಾನಬದ್ಧ ಬಿಷಪ್ಪನನ್ನು, ಅಂದರೆ ನಿಯಮಕ್ಕೆ ಒಳಪಟ್ಟು ಸಭೆಯೊಂದಿಗೆ ಕೂಡಿ ನಡೆಸುವವನನ್ನು. ದೊರೆಯನ್ನಲ್ಲ. ಷರತ್ತಿನ ಮೇಲೆ ಕೊಟ್ಟ ಹುದ್ದೆ ಅದು. ಇಂದು ಷರತ್ತು ಕಾಗದದಲ್ಲಿ ಉಳಿದು ಕಿರೀಟ ಮಾತ್ರ ಮೆರೆಯುತ್ತಿದೆ.

ಬಿರುದುಗಳನ್ನು ಜನ ತಾವಾಗಿ ಕೊಟ್ಟರೆ ನನ್ನ ತಕರಾರಿಲ್ಲ. ಹಾಸನದ ಬಳಿಯ ಸಾತಹಳ್ಳಿಯ ಜನರ ನಡುವೆ ದುಡಿದು, ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಶ್ರಮಿಸಿ, 1823ರಲ್ಲಿ ಸ್ವದೇಶಕ್ಕೆ ಮರಳಿದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರನ್ನು ಜನ ‘ದೊಡ್ಡಸ್ವಾಮಿಯವರು’ ಎಂದು ಕರೆದರು. ಅವರಾಗಿ ಅಚ್ಚು ಹಾಕಿಸಿದ್ದಲ್ಲ. (ಫ್ರೆಂಚಿನ ‘ಅಬ್ಬೆ’ ಎಂದರೆ ತಂದೆ. ನಮ್ಮ ಹಳಗನ್ನಡದ ‘ಅಬ್ಬೆ’ ಎಂದರೆ ತಾಯಿ. ಎರಡೂ ಅವರಿಗೆ ಒಪ್ಪುತ್ತಿತ್ತೇನೋ.) ನಮ್ಮ ಜನ ಸಭಾಪಾಲಕರನ್ನು ‘ಅಯ್ಯನವರು’ ಎನ್ನುವುದೂ, ಅವರ ಮಡದಿಯನ್ನು ‘ಅಮ್ಮನವರು’ ಎನ್ನುವುದೂ ಹೀಗೆ ಬಾಯಿಂದ ಬಾಯಿಗೆ ಬಂದದ್ದು. ಅದರಲ್ಲಿ ಮಮತೆ ಇದೆ. ‘ಅಯ್ಯನವರೇ, ನಮ್ಮ ಹುಡುಗಿಗೆ ಜ್ವರ’ ಎಂದು ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಬಹುದು. ‘ಪರಮಪೂಜ್ಯ ದೈವಾಭಿಷಿಕ್ತರೇ’ ಎಂದು ಬಾಗಿಲು ತಟ್ಟಲಾದೀತೇ?

ಈಗ ನನ್ನ ವಾದಕ್ಕೆ ಎದುರಾಗಿ ನಿಲ್ಲುವ ನಿಜವಾದ ಮಾತಿಗೆ ಬರುತ್ತೇನೆ. ನನ್ನ ಅಜ್ಜ ತರೀಕೆರೆ ಸೀಮೆಯ ಒಂದು ಹಳ್ಳಿಯಲ್ಲಿ ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವರು. ಊರಿನೊಳಗೆ ಅವರ ಹೆಸರನ್ನು ಪೂರ್ತಿಯಾಗಿ ಯಾರೂ ಉಚ್ಚರಿಸಿದ್ದಿಲ್ಲ. ಹೆಸರಿನ ಬಾಲವನ್ನು ಕತ್ತರಿಸಿ ಅದಕ್ಕೊಂದು ‘ಲೇ’ ಅಂಟಿಸಿ ಕರೆಯುವುದೇ ರೂಢಿ. ತಲೆ ನರೆತ ಮೇಲೂ ಜಮೀನುದಾರರ ಮನೆಯ ಹತ್ತು ವರ್ಷದ ಹುಡುಗ ಹಾಗೆಯೇ ಕರೆಯುತ್ತಿದ್ದನಂತೆ. ಅವರನ್ನು ಮೊತ್ತಮೊದಲು ‘ಬನ್ನಿ’, ‘ಕುಳಿತುಕೊಳ್ಳಿ’ ಎಂದು ಬಹುವಚನದಲ್ಲಿ ಮಾತನಾಡಿಸಿದವರು ಸೈಕಲಿನ ಮೇಲೆ ಕೇರಿಗೆ ಬರುತ್ತಿದ್ದ ಸಭಾಪಾಲಕರು. ಅವರು ಮಾಡಿದ ಪ್ರಸಂಗಗಳಲ್ಲಿ ಒಂದೂ ಅಜ್ಜನಿಗೆ ನೆನಪಿರಲಿಲ್ಲ. ‘ಕುಳಿತುಕೊಳ್ಳಿ’ ಎಂದದ್ದನ್ನು ಸಾಯುವವರೆಗೆ ಹೇಳುತ್ತಿದ್ದರೆಂದು ನನ್ನ ತಂದೆ ನೆನೆಯುತ್ತಿದ್ದರು. ಆ ಒಂದು ಬಹುವಚನಕ್ಕಾಗಿ ನಮ್ಮ ವಂಶ ಈ ಸಭೆಗೆ ಬಂದಿತು ಎಂದರೆ ಅತಿಶಯೋಕ್ತಿಯಲ್ಲ.

ಆದ್ದರಿಂದ ಕೇರಿಯಲ್ಲಿ ಹುಟ್ಟಿದ ಹುಡುಗನೊಬ್ಬ ಓದಿ, ಅಭಿಷೇಕ ಹೊಂದಿ, ‘ರೆವರೆಂಡ್’ ಎನಿಸಿಕೊಂಡಾಗ ಅವನ ತಾಯಿಯ ಕಣ್ಣಿನಲ್ಲಿ ಬರುವ ನೀರನ್ನು ನಾನು ಬಲ್ಲೆ. ‘ಲೇ’ ಎಂದು ಕರೆದ ಊರೇ ಎದ್ದು ನಿಂತು ‘ಅಯ್ಯನವರು’ ಎನ್ನಬೇಕಾಗಿ ಬಂದದ್ದು ಸಣ್ಣ ಮಾತಲ್ಲ. ‘ನಮಗೆ ಈಗಷ್ಟೇ ಮರ್ಯಾದೆ ಸಿಕ್ಕಿದೆ, ಈಗಲೇ ವಿನಯದ ಪಾಠವೇ ಮೇಷ್ಟ್ರೇ?’ ಎಂದು ಅಂಥವರೊಬ್ಬರು ನನ್ನನ್ನು ಕೇಳಿದ್ದರು. ತಲತಲಾಂತರದಿಂದ ಮರ್ಯಾದೆ ಉಂಡವರು ಬಿರುದು ಬಿಡುವುದು ಸುಲಭ, ಅದು ಅವರಿಗೆ ಇನ್ನೊಂದು ಅಲಂಕಾರ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪಿಯೇ ಕೇಳುತ್ತೇನೆ: ಆ ಬಹುವಚನ ನಮ್ಮ ಅಜ್ಜನಿಗೆ ಮೇಲಿನಿಂದ ಕೆಳಗಿಳಿದು ಬಂದದ್ದಲ್ಲವೇ? ಈಗ ಅದು ಎತ್ತ ಹರಿಯುತ್ತಿದೆ?

ನಾನು ಬಲ್ಲ ಒಂದು ಸಭೆಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಅಂಗಳ ಗುಡಿಸುವುದು, ಗಂಟೆ ಬಾರಿಸುವುದು, ಸತ್ತವರಿಗೆ ಕುಣಿ ತೋಡುವುದು ಅವರ ಕೆಲಸ. ನಮ್ಮಲ್ಲಿ ಅರ್ಧ ಜನರ ತಂದೆ ತಾಯಿಯರನ್ನು ಮಣ್ಣು ಮಾಡಿದ ಕೈಗಳು ಅವು. ಮೂವತ್ತೂ ತುಂಬದ ನಾಯಕರು ಮೈಕಿನಲ್ಲಿ ‘ಪ್ರಿಯ ಸಹೋದರರೇ’ ಎಂದು ಮುಗಿಸಿ ಕೆಳಗಿಳಿದು ಬಂದು, “ಏಯ್, ಬಾರೋ ಇಲ್ಲಿ, ಕುರ್ಚಿ ಎತ್ತಿಡೋ” ಎಂದು ಅವರನ್ನು ಕರೆದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆ ದಿನವೇ ಆಮಂತ್ರಣ ಪತ್ರಿಕೆಯಲ್ಲಿ ‘ಪೂಜ್ಯ’ ಬಿಟ್ಟುಹೋಯಿತೆಂದು ಇದೇ ನಾಯಕರು ಕಾರ್ಯದರ್ಶಿಯನ್ನು ಗದರಿದ್ದರು. ಜಮೀನುದಾರರ ಮನೆಯ ಹುಡುಗನ ‘ಲೇ’ ಎಲ್ಲಿಗೂ ಹೋಗಿಲ್ಲ. ನಿಲುವಂಗಿ ತೊಟ್ಟು ನಮ್ಮ ಅಂಗಳಕ್ಕೇ ಬಂದಿದೆ. ನನ್ನ ಸಿಟ್ಟು ಇರುವುದು ಇಲ್ಲಿ. ಮರ್ಯಾದೆ ಹೆಚ್ಚಾಯಿತೆಂದಲ್ಲ, ಒಂದೇ ಕಡೆ ರಾಶಿ ಬಿದ್ದಿದೆ ಎಂದು.

ಸಾರ್ವಜನಿಕ ವೇದಿಕೆಗಳ ಮಾತನ್ನೂ ಎತ್ತುತ್ತಾರೆ. ಸರ್ವಧರ್ಮ ಸಮ್ಮೇಳನದಲ್ಲಿ ಇತರ ಗುರುಗಳ ಬಿರುದಾವಳಿ ಅರ್ಧ ಪುಟ ಇರುವಾಗ ನಮ್ಮವರು ಬರಿಯ ಹೆಸರಿನಿಂದ ಹೋದರೆ ತೂಕ ಬರುವುದಿಲ್ಲವಂತೆ, ತಾಲ್ಲೂಕು ಕಚೇರಿಯಲ್ಲಿಯೂ ಕೆಲಸ ಆಗುವುದಿಲ್ಲವಂತೆ. ಶೃಂಗೇರಿ, ಬಾಳೆಹೊನ್ನೂರು ಪೀಠಗಳಿರುವ ಜಿಲ್ಲೆ ನಮ್ಮದು. ಅವರ ಸಂಪ್ರದಾಯದ ವಿಚಾರ ಅವರ ಶಿ‌ಷ್ಯರಿಗೆ ಬಿಟ್ಟದ್ದು. ಆದರೆ ನಮ್ಮ ಅಜ್ಜಂಪುರಕ್ಕೆ ಬಹಳ ದೂರವಲ್ಲದ ಮಲ್ಲಾಡಿಹಳ್ಳಿಯಲ್ಲಿ ಜೋಳಿಗೆ ಹಿಡಿದು ಆಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿಯವರು ತಮ್ಮ ಬರಹಗಳಿಗೆ ಹಾಕುತ್ತಿದ್ದ ಹೆಸರು ‘ತಿರುಕ’. ಅವರು 1996ರಲ್ಲಿ ತೀರಿಕೊಂಡರು. ಅವರಿಗೆ ತೂಕ ಕಡಿಮೆಯಿತ್ತೆಂದು ಈ ಸೀಮೆಯಲ್ಲಿ ಯಾರಾದರೂ ಹೇಳಲಿ, ನೋಡೋಣ.

ಇನ್ನೊಬ್ಬ ತಿರುಕರು ನಮ್ಮ ಸಭೆಯವರೇ. ರೆವರೆಂಡ್ ಉತ್ತಂಗಿ ಚನ್ನಪ್ಪನವರು, 1881ರಲ್ಲಿ ಹುಟ್ಟಿದವರು, ಬಾಸೆಲ್ ಮಿಷನ್ನಿನ ಸಭಾಪಾಲಕರು. ಸರ್ವಜ್ಞನ ವಚನಗಳನ್ನು ಹಳ್ಳಿಹಳ್ಳಿ ತಿರುಗಿ ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಇಡೀ ಕನ್ನಡ ನಾಡು ಅವರನ್ನು 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕೂರಿಸಿತು. ಕ್ರೈಸ್ತ ಪಾದ್ರಿಯೊಬ್ಬರಿಗೆ ಅಷ್ಟು ದೊಡ್ಡ ಮನ್ನಣೆ! ಅವರು ತಮ್ಮನ್ನು ಕರೆದುಕೊಂಡದ್ದು ‘ತಿರುಳ್ಗನ್ನಡದ ತಿರುಕ’ ಎಂದು. ನಮ್ಮ ದೇವಜ್ಞಾನ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತಿದೆಯೋ!

‘ಡಾಕ್ಟರ್’ ವಿಷಯ ಒಂದಿಷ್ಟು ಹೇಳಿ ಮುಗಿಸುತ್ತೇನೆ. ಓದಿ, ಪ್ರಬಂಧ ಬರೆದು ಪಡೆದವರಿಗೆ ನನ್ನ ನಮಸ್ಕಾರ. ನಾನು ಹೇಳುವುದು ಹೋಟೆಲಿನ ಸಭಾಂಗಣದಲ್ಲಿ, ಬಾಡಿಗೆಯ ಗೌನಿನಲ್ಲಿ, ಶುಲ್ಕ ಕಟ್ಟಿ ಮಧ್ಯಾಹ್ನದ ಊಟದೊಂದಿಗೆ ಸ್ವೀಕರಿಸುವ ಡಾಕ್ಟರೇಟುಗಳ ಮಾತು. 1956ರ ಯುಜಿಸಿ ಕಾಯ್ದೆಯ 22ನೆಯ ಕಲಮಿನ ಪ್ರಕಾರ ಪದವಿ ಕೊಡುವ ಹಕ್ಕು ಕಾನೂನಿನಂತೆ ಸ್ಥಾಪಿತವಾದ ವಿಶ್ವವಿದ್ಯಾಲಯಗಳಿಗೆ ಮತ್ತು ಅಂಥ ಅಧಿಕಾರವನ್ನು ಪಡೆದ ಸಂಸ್ಥೆಗಳಿಗೆ ಮಾತ್ರ. ನಮ್ಮ ಸಂವಿಧಾನದ 18ನೆಯ ಅನುಚ್ಛೇದವಂತೂ ಸರ್ಕಾರವೇ ಬಿರುದು ಕೊಡುವುದನ್ನು ನಿಷೇಧಿಸಿದೆ. ಪದ್ಮಭೂಷಣ, ಭಾರತರತ್ನ ಪಡೆದವರೂ ಅದನ್ನು ಹೆಸರಿನ ಹಿಂದೆ ಮುಂದೆ ಅಂಟಿಸಿಕೊಳ್ಳಬಾರದೆಂದು 1995ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಭಾರತರತ್ನಕ್ಕೆ ಇಲ್ಲದ ಸವಲತ್ತು ಹೋಟೆಲಿನ ಡಾಕ್ಟರೇಟಿಗೆ ಉಂಟೆ?

ಫರ್ಡಿನಂಡ್ ಕಿಟ್ಟೆಲ್ ಅವರು 1853ರಲ್ಲಿ ಮಂಗಳೂರಿಗೆ ಬಂದಿಳಿದು, ಎಪ್ಪತ್ತು ಸಾವಿರ ಪದಗಳ ನಿಘಂಟನ್ನು 1894ರಲ್ಲಿ ಹೊರತಂದ ಮೇಲೆ, 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ನಡುವಿನ ಅವಧಿ ನಲವತ್ತಮೂರು ವರ್ಷ. ನನ್ನ ಮೇಜಿನ ಮೇಲೆ ಸದಾ ಇರುವ ಆ ನಿಘಂಟನ್ನು ‘ಡಾಕ್ಟರ್ ಕಿಟ್ಟೆಲ್ ನಿಘಂಟು’ ಎಂದು ನಾನಾಗಲಿ ನೀವಾಗಲಿ ಕರೆದದ್ದುಂಟೆ? ‘ಕಿಟ್ಟೆಲ್ ತೆಗೆದುಕೊಂಡು ಬಾ’ ಎನ್ನುತ್ತಿದ್ದೆವು. ಕಡೂರಿನ ಮಾತೂ ಅಷ್ಟೆ. ಒಂದು ಕಾಲಕ್ಕೆ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಎಂಬ ಹೆಸರಿತ್ತು. 1947ರಲ್ಲಿ ಅದು ಚಿಕ್ಕಮಗಳೂರು ಜಿಲ್ಲೆಯಾಯಿತು. ಹೆಸರು ಹೋದದ್ದಕ್ಕೆ ಕಡೂರಿನ ತೆಂಗಿನ ಮರಗಳಲ್ಲಿ ಒಂದು ಕಾಯಿಯೂ ಕಡಿಮೆ ಬಿಡಲಿಲ್ಲ.

ಇಷ್ಟೆಲ್ಲ ಬರಿಯ ಪದಗಳ ಜಗಳವಾಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಬಿರುದು ಒಂದು ಕೆಲಸ ಮಾಡುತ್ತದೆ. ಪ್ರಶ್ನೆಯನ್ನು ಗಂಟಲಲ್ಲಿಯೇ ತಡೆಯುತ್ತದೆ. ‘ಪರಮಪೂಜ್ಯ’ ಎಂದು ಆರಂಭಿಸಿದ ವಾಕ್ಯವನ್ನು ‘ಲೆಕ್ಕ ತೋರಿಸಿ’ ಎಂದು ಮುಗಿಸುವುದು ಎಷ್ಟು ಕಷ್ಟವೆಂದು ಪ್ರಯತ್ನಿಸಿ ನೋಡಿ. ಮೇಲೆ ಹೇಳಿದ ಆ ಸಭೆಯಲ್ಲಿಯೇ ಸ್ಮಶಾನದ ಕಾಂಪೌಂಡು ಗೋಡೆಗೆಂದು ಎರಡು ವರ್ಷಗಳ ಹಿಂದೆ ಹಣ ಕೂಡಿಸಿದರು. ತೋಟದಲ್ಲಿ ಕೂಲಿ ಮಾಡುವ ವಿಧವೆಯೊಬ್ಬಳು ಐನೂರು ರೂಪಾಯಿ ಕೊಟ್ಟದ್ದಕ್ಕೆ ನಾನು ಸಾಕ್ಷಿ. ಗೋಡೆ ಎದ್ದಿಲ್ಲ. ದನಗಳು ಸಮಾಧಿಗಳ ಮೇಲೆ ಅಡ್ಡಾಡುತ್ತಿವೆ. ಕಳೆದ ವರ್ಷದ ಮಹಾಸಭೆಯಲ್ಲಿ ಒಬ್ಬ ಯುವಕ ಎದ್ದು ಲೆಕ್ಕ ಕೇಳಿದಾಗ ಬಂದ ಉತ್ತರ, ದೇವರ ಅಭಿಷಿಕ್ತರನ್ನು ಮುಟ್ಟಬಾರದು ಎಂಬ ಕೀರ್ತನೆಯ ಮಾತು. ಹುಡುಗ ಬೆವರಿ ಕುಳಿತುಬಿಟ್ಟ.

ಆ ಮಾತು ಇರುವುದು ನೂರೈದನೆಯ ಕೀರ್ತನೆಯಲ್ಲಿ. ದಯವಿಟ್ಟು ಅದರ ಹಿಂದಿನ ಮೂರು ವಚನಗಳನ್ನೂ ಓದಬೇಕು. ಅಲ್ಲಿ ‘ಅಭಿಷಿಕ್ತರು’ ಎಂದರೆ ಅಬ್ರಹಾಮ, ಇಸಾಕ, ಯಾಕೋಬರು. ಬೆರಳೆಣಿಕೆಯ ಜನ, ಪರದೇಶಿಗಳು, ಊರಿಂದೂರಿಗೆ ಅಲೆಯುತ್ತಿದ್ದವರು. ಅವರನ್ನು ಮುಟ್ಟಬೇಡಿರೆಂದು ದೇವರು ಎಚ್ಚರಿಸಿದ್ದು ಅರಸರನ್ನು. ಬಲಹೀನರನ್ನು ಬಲಿಷ್ಠರಿಂದ ಕಾಪಾಡಲು ಹೇಳಿದ ಮಾತನ್ನು ಬಲಿಷ್ಠರು ಬಲಹೀನರ ಬಾಯಿ ಮುಚ್ಚಿಸಲು ಬಳಸುವುದು ಸಣ್ಣ ಅನ್ಯಾಯವಲ್ಲ.

ಅಭಿಷಿಕ್ತರ ಮುಂದೆ ನಿಂತು ಲೆಕ್ಕ ಒಪ್ಪಿಸಿದ ಉದಾಹರಣೆ ಬೇಕೆ? ಸಮುವೇಲನ ಮೊದಲನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿದೆ. ತಲೆ ನರೆತ ಸಮುವೇಲನು ಹೊಸ ಅರಸನ ಎದುರಿನಲ್ಲಿ, ಇಡೀ ಜನರ ಎದುರಿನಲ್ಲಿ ನಿಂತು, ತಾನು ಯಾರ ಎತ್ತನ್ನಾದರೂ ಕತ್ತೆಯನ್ನಾದರೂ ಕಸಿದಿದ್ದೇನೆಯೇ, ಯಾರಿಂದಲಾದರೂ ಲಂಚ ಪಡೆದಿದ್ದೇನೆಯೇ, ಹೇಳಿರಿ, ಹಿಂದಿರುಗಿಸುತ್ತೇನೆ ಎಂದು ತಾನಾಗಿಯೇ ಕೇಳಿದ. ಪೌಲನೂ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವಾಗ ಯಾರೂ ಬೆರಳು ತೋರಿಸದಂತೆ ಇತರರನ್ನು ಜೊತೆಗೆ ಇರಿಸಿಕೊಂಡ. ಇವರಿಬ್ಬರಿಗೂ ಇಲ್ಲದ ಮುಜುಗರ ನಮ್ಮವರಿಗೇಕೆ?

ಬರುವ ತಿಂಗಳು ಆ ಸಭೆಯ ಮಹಾಸಭೆ ಇದೆ. ಗೋಡೆಯ ಹಣದ ಜಮಾಖರ್ಚನ್ನು ಸೂಚನಾ ಫಲಕದಲ್ಲಿ ಹಾಕಬೇಕೆಂದೂ, ಇನ್ನು ಮುಂದೆ ಆಮಂತ್ರಣ ಪತ್ರಿಕೆಗಳಲ್ಲಿ ಹೆಸರು ಮತ್ತು ಹುದ್ದೆಯನ್ನು ಮಾತ್ರ ಅಚ್ಚು ಹಾಕಬೇಕೆಂದೂ, ಸಭೆಯ ಕೆಲಸಗಾರರನ್ನು ಬಹುವಚನದಲ್ಲಿ ಸಂಬೋಧಿಸಬೇಕೆಂದೂ ಕೋರಿ ಒಂದು ಪತ್ರ ಸಿದ್ಧಪಡಿಸಿದ್ದೇವೆ. ಕರಡು ನನ್ನದು. ‘ಮಾನ್ಯ ಸಭಾಪಾಲಕ ಅಯ್ಯನವರಿಗೆ, ನಮಸ್ಕಾರಗಳು’ ಎಂದು ಆರಂಭಿಸಿದ್ದೇನೆ. ಇದುವರೆಗೆ ಹನ್ನೊಂದು ಮಂದಿ ಸಹಿ ಮಾಡಿದ್ದಾರೆ. ಬೆವರಿ ಕುಳಿತ ಆ ಯುವಕ ಮೊದಲನೆಯವನು. ಗಂಟೆ ಬಾರಿಸುವ ಹಿರಿಯರು ಕನ್ನಡಕ ತರಿಸಿಕೊಂಡು, ತಂದೆಯ ಹೆಸರು ಸಮೇತ ತಮ್ಮ ಹೆಸರನ್ನು ಪೂರ್ತಿಯಾಗಿ ಬರೆದರು. ಊರಿನಿಂದ ದೂರವಿರುವ ಸದಸ್ಯರು ಸಹಿ ಹಾಕಲು ಇಚ್ಛಿಸಿದರೆ ತಿಳಿಸಿರಿ, ಪ್ರತಿ ಕಳುಹಿಸುತ್ತೇನೆ.